ಜೋಡಿ ಕೆರದ ಗಂಟು

"ಇನ್ನೊಂದ್ಸಲ ಹಾಕ್ತೀನಿ. ಈ ಸಲ ಸರಿಯಾಗಿ ಕೇಳ್ರಿ ಸುಂಕಪ್ಪ," ಎಂದು ಇನ್ಸ್‌ಪೆಕ್ಟರ್ ಸೌಭಾಗ್ಯ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟರು.

ಎಎಸ್ಐ ಸುಂಕಪ್ಪ ಅದೇ ವಿಡಿಯೊ ನೋಡಲು ನಾಲ್ಕನೇ ಸಲ ಬಗ್ಗಿದ. ಹಗರಿಬೊಮ್ಮನಹಳ್ಳಿಯ ಸರ್ಕಾರಿ ಬಂಗಲೆ ಐಬಿಯ ಆ ಕೋಣೆಯಲ್ಲಿ ಫ್ಯಾನು ಜೋರಾಗಿಯೇ ತಿರುಗುತ್ತಿತ್ತು. ಆದರೂ ಅವನ ಕಾಲರು ಒದ್ದೆಯಾಗಿತ್ತು.

ಟಾಕೀಸಿನ ಗೇಟು. ಮ್ಯಾಟಿನಿ ಬಿಟ್ಟ ಜನ. ಪರದೆಯ ಅಂಚಿನಿಂದ ಮೈಕು ಹಿಡಿದ ಒಂದು ಎಡಗೈ ಮಾತ್ರ ಒಳಗೆ ಚಾಚಿತ್ತು. ಆ ಕೈಯನ್ನು ಸುಂಕಪ್ಪ ಸಾವಿರ ಕೈಗಳ ನಡುವೆಯೂ ಗುರುತಿಸಬಲ್ಲ. ಅವನ ಮಗ ಕ್ರಾಂತಿಕುಮಾರನದು. ವಾರವೆಲ್ಲ ಸೊಸೈಟಿಯಲ್ಲಿ ಗುಮಾಸ್ತ, ಹೊಸ ಸಿನಿಮಾ ಬಿಡುಗಡೆಯಾದ ದಿನ ಮಾತ್ರ ಯೂಟ್ಯೂಬ್ ಚಾನೆಲ್ಲಿನ ಧಣಿ.

ಸಿನಿಮಾಕ್ಕೆ ಪೋಸ್ಟರಿನಲ್ಲಿ ಏನು ಹೆಸರಿತ್ತೋ, ಊರಲ್ಲೆಲ್ಲ ಅದು 'ಪೊಲೀಸಪ್ಪನ ಪಿಚ್ಚರ್' ಎಂದೇ ಓಡುತ್ತಿತ್ತು.

"ಫೈಟು ಬೆಂಕಿ ಐತ್ರೀ, ಬೆಂಕಿ!" ಎಂದ ಒಬ್ಬ, ಮೈಕನ್ನೇ ನುಂಗುವಷ್ಟು ಹತ್ತಿರ ಬಂದು.

"ಇಂಟರ್‌ವಲ್ ಆದಮ್ಯಾಲ ಭಾಳ ಎಳದಾರ. ಅರ್ಧ ತಾಸು ಕತ್ತರಿ ಹಾಕಿದ್ರ ಚಲೋ ಇರ್ತಿತ್ತು."

"ಆ ಪೊಲೀಸ ಕೇಸು ಮುಚ್ಚಿ ಹಾಕಿ, ಆಮ್ಯಾಲ ತನ್ನ ಮಗಳ ಮುಂದ ಕುಂತು ಅಳ್ತಾನಲ್ರಿ, ನನಗೂ ಕಣ್ಣಾಗ ನೀರು ಬಂತು."

"ಅಳಾದೇನು ದೊಡ್ಡದು? ಕೊನಿಗೆ ಇಪ್ಪತ್ತು ಮಂದಿನ್ನ ಹೊಡದುಬಿಟ್ರ ಮೊದ್ಲ ಮಾಡಿದ್ದೆಲ್ಲ ಮಾಫ್ ಏನ್ರಿ?"

ಆಮೇಲೆ ಅವಳು ಬಂದಳು. ಅರವತ್ತು ದಾಟಿದ ಹೆಂಗಸು, ಬಿಸಿಲಿಗೆ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಕಂಕುಳಲ್ಲಿ ಕೈಚೀಲ.

"ಅರ್ಧ ಖರೆ ಐತಿ, ಅರ್ಧ ಸುಳ್ಳು ಐತಪಾ. ಪಿಚ್ಚರ್‌ನಾಗ ಸತ್ತವನ ಚಪ್ಲಿ ತಗದು ಕಾಲುವಿಗೆ ಒಗೀತಾನ. ನಾ ಕಂಡ ಪೊಲೀಸ ಹಂಗ ಮಾಡ್ಲಿಲ್ಲ. ಎರಡೂ ಕೆರ ಜೋಡ್ಸಿ, ದಾರ ಪೋಣ್ಸಿ, ಗಂಟು ಹಾಕಿ ಹೆಣದ ತಲಿ ಹತ್ರ ಇಟ್ಟ. ಹೊಸಾ ಕೆರ ಮಾರೋರು ಹಾಕಿ ಕೊಡ್ತಾರಲ್ಲ, ಅಂಥಾ ಗಂಟು."

"ಎಲ್ಲಿ ಕಂಡ್ಯವ್ವಾ?" ಕ್ರಾಂತಿಯ ದನಿ.

"ಕಾನಹೊಸಹಳ್ಳಿ ದಾಟಿ, ಹೈವೇದಾಗ. ಆರು ವರ್ಷಾತು."

ಮೈಕು ಕೆಳಗಿಳಿಯಿತು. ವಿಡಿಯೊ ಅಲ್ಲಿಗೇ ನಿಂತುಹೋಯಿತು.

"ಇದು ಲೈವ್ ಹೋಗಿತ್ತು," ಎಂದರು ಸೌಭಾಗ್ಯ. "ನಿಮ್ಮ ಮಗ ಆಮೇಲೆ ತೆಗೆದು ಹಾಕಿದ್ದಾನೆ. ಅಷ್ಟರಲ್ಲಿ ಯಾರೋ ಉಳಿಸ್ಕೊಂಡು ಮೈಲಾರೇಶನಿಗೆ ಕಳಿಸಿದ್ದಾರೆ."

ಮೈಲಾರೇಶ್ ಎಂದರೆ ಸತ್ತ ಕುರಿಗಾರ ಉಚ್ಚಂಗೆಪ್ಪನ ತಮ್ಮ. ಅವನ ಅರ್ಜಿಯ ಮೇಲೆಯೇ ಜಿಲ್ಲಾ ಕಚೇರಿಯಿಂದ ಸೌಭಾಗ್ಯ ಇಲ್ಲಿಗೆ ಬಂದು ಕೂತದ್ದು.

ಅವರು ಹಳೆಯ ಫೈಲಿನ ಒಂದು ಹಾಳೆಯ ಮೇಲೆ ಬೆರಳಿಟ್ಟರು. "ಕುರಿಗಾರ ರಸ್ತೆ ಮೇಲೆ ಕಂಬಳಿ ಹಾಸ್ಕೊಂಡು ಮಲಗಿದ್ದ, ಯಾವುದೋ ಲಾರಿ ಹರೀತು, ತಪ್ಪು ಅವನದೇ. ಕೇಸು ಮುಗೀತು. 'ತಲೆಯ ಪಕ್ಕದಲ್ಲಿ ಒಂದು ಜೊತೆ ಕೆರ' ಅಂತ ಮಹಜರಿನಾಗೆ ಐತೆ. ಗಂಟಿನ ಮಾತೇ ಇಲ್ಲ. ಮಲಗೋನು ಕೆರ ಬಿಡ್ತಾನೆ, ಒಪ್ಪೋಣ. ಅದಕ್ಕೆ ದಾರ ಪೋಣಿಸಿ ಗಂಟು ಯಾಕೆ ಹಾಕ್ತಾನೆ?"

ಸುಂಕಪ್ಪ ಫೈಲಿನಿಂದ ಕಣ್ಣು ಕಿತ್ತು ಫೋನಿನ ಕಡೆ ನೋಡಿದ.

"ಈ ಮಹಜರು ಬರೆದ ಅಕ್ಷರ ನಿಮ್ಮದೇ ಅಲ್ವಾ? ಆಗ ನೀವು ಹೆಡ್ ಕಾನ್‌ಸ್ಟೆಬಲ್."

"ಹೌದ್ರಿ ಮೇಡಂ."

"ಹೇಳಿದ್ದನ್ನ ಬರೆದ್ರೋ, ಕಂಡದ್ದನ್ನ ಬರೆದ್ರೋ?"

"ಕಂಡದ್ದನ್ನ ಬರದೇನ್ರಿ."

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಆರು ವರ್ಷದಲ್ಲಿ ನಾಲಿಗೆಗೆ ಅಷ್ಟು ರೂಢಿ ಬಿದ್ದಿತ್ತು.

"ಈ ಹೆಂಗಸನ್ನ ಸಂಜೆಯೊಳಗೆ ಹುಡುಕ್ರಿ. ಈ ಕಡೆ ಊರೂರು ಬಲ್ಲೋರು ನೀವೇ," ಎಂದು ಸೌಭಾಗ್ಯ ಫೈಲು ಮುಚ್ಚಿದರು. ನಂಬಿ ಹೇಳಿದರೋ, ಪರೀಕ್ಷೆಗೆ ಹೇಳಿದರೋ, ಆ ಮುಖದಲ್ಲಿ ಏನೂ ಕಾಣಲಿಲ್ಲ.

ಹುಡುಕುವುದು ಕಷ್ಟವೇನಿರಲಿಲ್ಲ. ಕೈಚೀಲದ ಮೇಲೆ ಕೊಟ್ಟೂರಿನ ಜವಳಿ ಅಂಗಡಿಯೊಂದರ ಹೆಸರಿತ್ತು. ಮೈಕಿನತ್ತ ಚಾಚಿದ ಅವಳ ಮುಂಗೈ ಮೇಲೆ ಹಳೆಯ ಸುಟ್ಟ ಕಲೆ, ವರ್ಷಗಟ್ಟಲೆ ಸ್ಟೋವಿನ ಮುಂದೆ ಕೂತವರಿಗೆ ಆಗುವಂಥದು. ಕಾನಹೊಸಹಳ್ಳಿ ದಾಟಿ ಆ ಜಾಗದಲ್ಲಿ ಒಂದು ಚಹಾದ ಗೂಡಂಗಡಿ ಇತ್ತೆಂದು ಸುಂಕಪ್ಪನಿಗೆ ಆಗ ನೆನಪಾಯಿತು. ಅವತ್ತು ಅದರ ತಾಡಪಾಲು ಕೆಳಗೆ ಇಳಿಬಿದ್ದಿತ್ತು. ಒಳಗೆ ಯಾರಾದರೂ ಮಲಗಿರಬಹುದೆಂದು ಅವನೂ ಯೋಚಿಸಲಿಲ್ಲ, ಜೊತೆಗಿದ್ದ ಆಗಿನ ಸಾಹೇಬರೂ ಯೋಚಿಸಲಿಲ್ಲ.

ಅಂಗಡಿ ನಡೆಸುತ್ತಿದ್ದವಳು ಹಂಪಕ್ಕ. ಈಗ ಕೊಟ್ಟೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆಂದು ಕಾನಹೊಸಹಳ್ಳಿಗೆ ಮಾಡಿದ ಒಂದೇ ಫೋನಿನಲ್ಲಿ ತಿಳಿಯಿತು.

ಕೊಟ್ಟೂರು ಬಸ್ಸಿನಲ್ಲೂ ಅದೇ ಸಿನಿಮಾದ ಮಾತು. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ ಕಚ್ಚಾಡುತ್ತಿದ್ದರು.

"ಮ್ಯಾಲಿನವರು ಹೇಳಿದ್ರು, ಆತ ಮಾಡಿದ. ನೌಕರಿ ಮಾಡೋರ ಕಷ್ಟ ನಿನಗೇನ ಗೊತ್ತೈತಿ?"

"ಮ್ಯಾಲಿನವರು ಹೇಳಿದ್ರ ಸತ್ತವನ್ನ ಕಳ್ಳ ಅಂತ ಬರೀತಾನೇನು? ಪೆನ್ನು ಮ್ಯಾಲಿನವರ ಕೈಯಾಗಿತ್ತಾ, ಅವನ ಕೈಯಾಗಿತ್ತಾ?"

ಸುಂಕಪ್ಪ ಕಿಟಕಿಯ ಕಡೆ ತಿರುಗಿ ಕೂತ. ಯೂನಿಫಾರ್ಮ್ ಹಾಕದೆ ಬಂದದ್ದು ಒಳ್ಳೆಯದಾಯಿತು ಎನ್ನಿಸಿತು.

ಆರು ವರ್ಷದ ಹಿಂದೆ, ಅವತ್ತು ಬೆಳಗಿನ ಆರು ಗಂಟೆಯೂ ಆಗಿರಲಿಲ್ಲ. ಉಚ್ಚಂಗೆಪ್ಪ ಬಿದ್ದದ್ದು ಡಾಂಬರಿನ ಮೇಲಲ್ಲ, ರಸ್ತೆಯಿಂದ ಹತ್ತು ಹೆಜ್ಜೆ ಆಚೆ, ತನ್ನ ಕುರಿಗಳ ನಡುವೆ. ಗಣಿ ಗುತ್ತಿಗೆದಾರ ಬೆನಕಪ್ಪನ ಬಿಳಿ ಕಾರು ರಸ್ತೆ ಬಿಟ್ಟು ಮಂದೆಗೆ ನುಗ್ಗಿತ್ತು. ಸುಂಕಪ್ಪ ಹೋಗುವ ಹೊತ್ತಿಗೆ ಕಾರೂ ಇರಲಿಲ್ಲ, ಬೆನಕಪ್ಪನೂ ಇರಲಿಲ್ಲ. ಆಗಿನ ಸಾಹೇಬರು ಇದ್ದರು. "ಕಾಲು ಹಿಡಿ," ಎಂದರು. ಸುಂಕಪ್ಪ ಹಿಡಿದ. ಇಬ್ಬರೂ ಸೇರಿ ಹೆಣವನ್ನು ರಸ್ತೆಗೆ ತಂದು ಕಂಬಳಿಯ ಮೇಲೆ ಮಲಗಿಸಿದರು.

ದುಡ್ಡು ಅವನು ಮುಟ್ಟಲಿಲ್ಲ. ನಾಲ್ಕು ವರ್ಷ ಅಂಗಲಾಚಿದರೂ ಸಿಗದ ಸ್ವಂತ ಊರಿನ ವರ್ಗಾವಣೆ ಇಪ್ಪತ್ತೇ ದಿನಕ್ಕೆ ಸಿಕ್ಕಿತು. ಹೆಂಡತಿ ಗಿಡ್ಡಮ್ಮ ಓಣಿಗೆಲ್ಲ ಪೇಡೆ ಹಂಚಿದಳು. ಅವನೂ ಒಂದು ತಿಂದ.

ಆದರೆ ಆ ಕೆರ. ಒಂದು ಇಲ್ಲಿ, ಒಂದು ಅಲ್ಲಿ, ಮಗುಚಿ ಬಿದ್ದಿದ್ದವು. ಎತ್ತಿಕೊಂಡಾಗ ಹಿಮ್ಮಡಿಯಲ್ಲಿ ಮೂರು ಮೊಳೆ, ಅಂಚಿಗೆ ಒತ್ತೊತ್ತಾದ ಹೊಲಿಗೆ. ಅವನ ಅಪ್ಪನ ಕೈಕೆಲಸ. ಅಪ್ಪ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಹೊಸ ಕೆರ ಕೊಡುವಾಗ ಅಪ್ಪ ಎರಡರ ಉಂಗುಟಕ್ಕೂ ದಾರ ಪೋಣಿಸಿ, ಎರಡು ಸುತ್ತು ಸುತ್ತಿ ಗಂಟು ಹಾಕಿಯೇ ಕೊಡುತ್ತಿದ್ದ. "ಜೋಡಿ ಅಗಲಿಸಿ ಯಾರ ಕೈಗೂ ಕೊಡಬ್ಯಾಡಲೇ," ಎನ್ನುತ್ತಿದ್ದ. ಜಪ್ತಿ ಮಾಲು ಕಟ್ಟುವ ಸ್ಟೇಷನ್ನಿನ ದಾರ ಸುಂಕಪ್ಪನ ಜೇಬಿನಲ್ಲಿತ್ತು. ಉಳಿದದ್ದನ್ನು ಕೈಗಳು ತಾವಾಗಿಯೇ ಮಾಡಿದವು.

ಅಪ್ಪನ ಕೈಯಿಂದ ಆ ಗಂಟು ಕಲಿತವರು ಇಬ್ಬರೇ. ಸುಂಕಪ್ಪ, ಆಮೇಲೆ ಅಜ್ಜನ ತೊಡೆಯ ಮೇಲೆ ಕೂತು ಕ್ರಾಂತಿ. ಅಪ್ಪ ಹಾಕಿದರೆ ದಾರದ ತುದಿ ಬಲಕ್ಕೆ ಬೀಳುತ್ತಿತ್ತು. ಎಡಚ ಮೊಮ್ಮಗ ಹಾಕಿದರೆ ಎಡಕ್ಕೆ. ಮುದುಕ ಅದನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದ.

ಸುಂಕಪ್ಪನಿಗೆ ಸಸ್ಪೆಂಡಿನ ಭಯವಿರಲಿಲ್ಲ, ಜೈಲಿನ ಭಯವೂ ಅಷ್ಟಿರಲಿಲ್ಲ. ಅಂಬೇಡ್ಕರರ ಫೋಟೊದ ಕೆಳಗೆ ನಿಲ್ಲಿಸಿ, "ನಮ್ಮ ಮನ್ಯಾಗ ಒಬ್ಬ ಪೊಲೀಸ ಅದಾನ ಅಂದ್ರ ಬಡವರಿಗೆ ಒಂದು ಬಾಗ್ಲ ತೆರದಂಗ," ಎಂದು ಅವನು ಮಗನಿಗೆ ಹೇಳಿಕೊಟ್ಟಿದ್ದ. ಆ ಮಗನಿಗೆ ಇದು ಗೊತ್ತಾಗಬಾರದಿತ್ತು, ಅಷ್ಟೇ. ಎರಡು ದಿನದಿಂದ ಕ್ರಾಂತಿ ಮನೆಯಲ್ಲಿ ಅಪ್ಪನ ಜೊತೆ ಊಟಕ್ಕೆ ಕೂತಿರಲಿಲ್ಲ. "ಹುಡುಗಗ ಏನಾಗೇತೋ, ಮಾತ ಆಡವಲ್ಲ," ಎಂದು ಗಿಡ್ಡಮ್ಮ ಬೆಳಿಗ್ಗೆಯೂ ಗೊಣಗಿದ್ದಳು.

ಹಂಪಕ್ಕ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಆರಿಸುತ್ತಿದ್ದಳು. ತಲೆ ಎತ್ತಿದಳು, ಮತ್ತೆ ತಗ್ಗಿಸಿದಳು.

"ಬಾರಪಾ ಪೊಲೀಸಪ್ಪ. ಆರು ವರ್ಷ ತಡಾ ಮಾಡಿದಿ."

ಸುಂಕಪ್ಪ ಕಟ್ಟೆಯ ಹತ್ತಿರ ಬಂದು ನಿಂತ.

"ಗುರ್ತು ಹಿಡದ್ಯೇನವ್ವಾ?"

"ಪಿಚ್ಚರ್‌ನಾಗಿನವ ನಿನಗಿಂತ ಚೆಂದ ಅದಾನ. ಆದ್ರ ನಿನ್ನ ಮರತಿಲ್ಲ. ಕುಂದ್ರು."

ಅವನು ಕಟ್ಟೆಯ ತುದಿಗೆ ಕೂತ. "ಅವತ್ತ ಎಲ್ಲಿದ್ದಿ?"

"ಅಂಗಡಿ ಒಳಗ. ತಾಡಪಾಲು ಹರದಿತ್ತು. ನೀವಿಬ್ರು ಹೊತ್ತು ತಂದದ್ದು, ಕಂಬಳಿ ಹಾಸಿದ್ದು, ಎಲ್ಲಾ ಕಂಡೀನಿ. ಆ ಇನ್ನೊಬ್ಬ ಸಾಹೇಬ ಜೀಪಿನ ಕಡಿ ಹೋದ. ನೀ ಒಬ್ಬನ ಕುಂತು ಗಂಟು ಹಾಕಿದಿ. ದಾರದ ತುದಿ ಹಲ್ಲಿನಾಗ ಕಚ್ಚಿ ಹರದಿ. ಆಮ್ಯಾಲ ಮಕಾ ಮುಚ್ಕೊಂಡು ಅತ್ತಿ."

"ಮತ್ತ ಯಾಕ ಕೂಗ್ಲಿಲ್ಲ?" ಅವನ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ಅವನಿಗೇ ಗೊತ್ತಿರಲಿಲ್ಲ. "ಹೈವೇದಾಗ ಲಾರಿ ಹೋಗ್ತಿದ್ವು. ಒಂದ್ಸಲ ಕೂಗಿದ್ರ ಸಾಕಿತ್ತಲ್ಲ!"

ಹಂಪಕ್ಕ ಮೊರ ಕೆಳಗಿಟ್ಟಳು.

"ಕೂಗಾಕ ಬಾಯಿ ತಗದಿದ್ದೆ. ನೀ ಆ ಕೆರಾ ಪಿಚ್ಚರ್‌ನಾಗಿನವನಂಗ ಒಗದಿದ್ರ ಖರೇನ ಕೂಗ್ತಿದ್ದೆ. ನೀ ಜೋಡ್ಸಿ ಇಟ್ಟಿ. ಇವನಿಗೂ ಕರುಳು ಐತಿ, ನಾಳೆ ತಾನ ಹೋಗಿ ಖರೇ ಹೇಳ್ತಾನ ಅಂತ ಸುಮ್ಕಾದೆ. ನಾಳೆ ಆತು, ನಾಡಿದ್ದಾತು. ಅವನ ಹೇಂತಿ ಮರುಳಸಿದ್ದಮ್ಮ ನನ್ನ ಅಂಗಡಿ ಮುಂದನ ಕುಂತು ಅತ್ಲು. ಅವಾಗೂ ಸುಮ್ಕಿದ್ದೆ. ನಿನ್ನ ಪಾಪ ನಿನಗೊಬ್ಬನಿಗ ಅಂದ್ಕಂಡ್ಯಾ? ಅರ್ಧ ನನ್ನ ಹೊಟ್ಯಾಗ ಐತಿ."

ಸುಂಕಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡ. ಆರು ವರ್ಷ ಅವನು ತನ್ನ ಮೇಲೆ ತಾನು ಕರುಣೆ ತೋರಿಸಿಕೊಂಡದ್ದು ಅದೊಂದೇ ನೆನಪಿನಿಂದ. ಕೆರವನ್ನಾದರೂ ಮರ್ಯಾದೆಯಿಂದ ಇಟ್ಟೆ ಎಂದು. ಸಾಕ್ಷಿಯ ಬಾಯಿ ಕಟ್ಟಿದ್ದೇ ಆ ಮರ್ಯಾದೆ ಎಂದು ಈಗ ತಿಳಿಯಿತು.

"ಮೇಡಂ ಬರ್ತಾರ, ಕೇಳ್ತಾರ," ಎಂದ.

"ಮಕಾ ಕಾಣ್ಲಿಲ್ಲ ಅನ್ನು ಅಂತೀಯೇನು? ಬಾಯಿಬಿಟ್ಟು ಕೇಳು, ಹಂಗ ಅಂತೀನಿ. ಆದ್ರ ನೀನ ಕೇಳಬೇಕು."

ಅವನು ಬಾಯಿ ತೆರೆದ. ಓಣಿಯಲ್ಲಿ ಮೊಸರಿನವಳು ಕೂಗುತ್ತ ಹೋದಳು. ಅವನಿಂದ ಕೇಳಲಾಗಲಿಲ್ಲ.

"ಬ್ಯಾಡವ್ವಾ. ಕಂಡದ್ದು ಹೇಳು. ನಿನಗಿಂತ ಮೊದ್ಲು ನಾನ ಹೇಳ್ತೀನಿ, ಇವತ್ತ."

ಹಾಗೆಂದ ಕೂಡಲೇ ಎದೆ ಹಗುರಾಯಿತು. ಇಷ್ಟು ಸುಲಭದ ಮಾತಿಗೆ ಆರು ವರ್ಷ ಬೇಕಾಯಿತೇ ಎಂದು ನಾಚಿಕೆಯೂ ಆಯಿತು. ಎದ್ದು ನಿಂತ.

"ಮೈಕು ಹಿಡಕಂಡಿದ್ದ ಹುಡುಗ ನಿನ್ನ ಮಗನೇನು?" ಹಂಪಕ್ಕ ಹಿಂದಿನಿಂದ ಕೇಳಿದಳು. "ಮೊನ್ನೆ ಸಂಜಿಗೆ ಇಲ್ಲಿಗೂ ಬಂದಿದ್ದ. ಗಂಟು ಹೆಂಗಿತ್ತು ಅಂದ. ಸೆರಗಿನ ತುದಿಗೆ ಹಾಕಿ ತೋರ್ಸಿದೆ. ಸತ್ತವನ ಊರು ಯಾವ್ದು ಅಂದ, ಹೇಳಿದೆ. ಉಚ್ಚಂಗಿದುರ್ಗಕ್ಕ ಬಸ್ಸು ಎಷ್ಟೊತ್ತಿಗೆ ಐತಿ ಅಂತ ಕೇಳಿ ಹೋದ."

ಹಾಗಾದರೆ ಮಗನಿಗೆ ಗೊತ್ತಾಗಿದೆ. ಯಾವುದಕ್ಕೆ ಹೆದರಿದ್ದನೋ ಅದು ಎರಡು ದಿನದ ಹಿಂದೆಯೇ ಆಗಿಹೋಗಿತ್ತು. ಆದರೆ ಉಚ್ಚಂಗಿದುರ್ಗಕ್ಕೆ ಯಾಕೆ? ಅಲ್ಲಿ ಮರುಳಸಿದ್ದಮ್ಮನ ಮನೆ ಬಿಟ್ಟರೆ ಅವನಿಗೆ ಏನಿತ್ತು? ವಾಪಸು ಬಸ್ಸಿನ ದಾರಿಯುದ್ದಕ್ಕೂ ಸುಂಕಪ್ಪನಿಗೆ ಅದು ಹೊಳೆಯಲಿಲ್ಲ.

ಐಬಿಗೆ ಬಂದಾಗ ನಾಲ್ಕೂವರೆ. ಕೋಣೆಯಲ್ಲಿ ಸೌಭಾಗ್ಯ ಒಬ್ಬರೇ ಇರಲಿಲ್ಲ. ಗೋಡೆಯ ಕಡೆ ಮೈಲಾರೇಶ್ ನಿಂತಿದ್ದ. ಕಿಟಕಿಯ ಬಳಿಯ ಕುರ್ಚಿಯಲ್ಲಿ ಕ್ರಾಂತಿ, ವಿಡಿಯೊ ಮಾಡಿದವನೆಂದು ಕರೆಸಿದ್ದರು. ಅಪ್ಪನನ್ನು ನೋಡಿ ಅವನು ಎದ್ದು ನಿಲ್ಲಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು.

ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಒಂದು ಜೊತೆ ಕೆರ ಇಟ್ಟಿದ್ದರು.

"ಮೇಡಂ, ನಾನೊಂದು ಮಾತು ಹೇಳೋದೈತ್ರಿ," ಎಂದ ಸುಂಕಪ್ಪ ಬಾಗಿಲಲ್ಲೇ.

"ಹೇಳುವಿರಂತೆ. ಮೊದ್ಲು ಇದು." ಸೌಭಾಗ್ಯ ಮೈಲಾರೇಶನ ಕಡೆ ಸನ್ನೆ ಮಾಡಿದರು.

"ಪೋಸ್ಟ್‌ಮಾರ್ಟಮ್ ಆದ್ಮೇಲೆ ಬಟ್ಟೆ ಜೊತೆ ಇದನ್ನೂ ಕೊಟ್ರು," ಎಂದ ಮೈಲಾರೇಶ್. "ನಮ್ಮತ್ತಿಗಿ ಗಂಟು ಬಿಚ್ಚಿಲ್ಲ. ಬಿಚ್ಚೋಕೆ ಕೈ ಬರ್ಲಿಲ್ಲಂತೆ. ಆರು ವರ್ಷ ಒಲಿ ಮ್ಯಾಲಿನ ಗೂಟಕ್ಕೆ ಹಾಂಗೇ ಇತ್ತು. ನಿನ್ನೆ ಈ ಸರ್ ಬಂದು ಬೆಳಕಿಗೆ ಒಯ್ದು ಫೋಟೊ ತಗಂಡ್ರು, ಅಷ್ಟೇ. ಐದು ನಿಮಿಷ."

ಈ ಸರ್ ಎಂದು ಅವನು ಬೆರಳು ಮಾಡಿದ್ದು ಕ್ರಾಂತಿಯ ಕಡೆಗೆ.

"ಈ ಕೆರ ನಿಮ್ಮ ತಂದೆ ಹೊಲಿದದ್ದು ಅಂತ ಮೈಲಾರೇಶನ ಮನೆಯವರೆಲ್ಲ ಹೇಳ್ತಾರೆ," ಎಂದರು ಸೌಭಾಗ್ಯ. "ಗಂಟೂ ನಿಮ್ಮ ಮನೆತನದ್ದು ಅಂತಾರೆ. ನನಗೊಂದು ಅನುಮಾನ ಬಂತು, ಮುಚ್ಚಿಡಲ್ಲ. ಅದನ್ನ ಇಲ್ಲೇ ಬಗೆಹರಿಸೋಣ." ಡ್ರಾಯರಿನಿಂದ ಅವರು ಅಂಗಡಿಯಿಂದ ತಂದ ಹೊಸ ಚಪ್ಪಲಿ ಜೊತೆಯೊಂದನ್ನೂ ದಾರದ ಉಂಡೆಯನ್ನೂ ತೆಗೆದಿಟ್ಟರು. "ಒಂದು ಗಂಟು ಹಾಕಿ ತೋರಿಸ್ರಿ."

ಹೇಗೂ ಹೇಳುವವನೇ ಇದ್ದ. ಸುಂಕಪ್ಪ ಕೂತು ದಾರ ಪೋಣಿಸಿದ. ಎರಡು ಸುತ್ತು ಹಾಕಿ ಬಿಗಿದ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದ. ದಾರದ ತುದಿ ಬಲಕ್ಕೆ ಬಿತ್ತು.

ಸೌಭಾಗ್ಯ ಎರಡೂ ಜೊತೆಗಳನ್ನು ಅಕ್ಕಪಕ್ಕ ಇಟ್ಟರು. ಬಹಳ ಹೊತ್ತು ನೋಡಿದರು.

"ಬೇರೆ ಬೇರೆ," ಎಂದರು. ಅವರ ಭುಜ ಸಡಿಲಾಯಿತು. "ಇದು ನಿಮ್ಮ ಕೈ ಅಲ್ಲ."

ಸುಂಕಪ್ಪ ಬಗ್ಗಿ ಹಳೆಯ ಗಂಟನ್ನು ನೋಡಿದ. ತುದಿ ಎಡಕ್ಕೆ ಬಿದ್ದಿತ್ತು. ಒಲೆಯ ಹೊಗೆಗೆ ದಾರವೆಲ್ಲ ಕರ್ರಗಾಗಿತ್ತು. ಗಂಟಿನ ಪಕ್ಕದಲ್ಲಿ ಅರ್ಧ ಇಂಚು ಮಾತ್ರ ಬೆಳ್ಳಗೆ, ಹೊಸದಾಗಿತ್ತು. ಆರು ವರ್ಷ ಹಳೆಯ ಗಂಟಿನ ಒಳಗೆ ಅಡಗಿದ್ದ ಜಾಗ ಅದು.

ಐದು ನಿಮಿಷ, ಬೆಳಕಿಗೆ ಒಯ್ದು.

ಅವನು ಮಗನನ್ನು ನೋಡಿದ. ಕ್ರಾಂತಿ ನೆಲ ನೋಡುತ್ತಿದ್ದ. ಅಪ್ಪನನ್ನು ಉಳಿಸಲು ಗಂಡ ಸತ್ತವಳ ಮನೆಗೆ ಹೋಗಿ, ಅವಳು ಬಿಚ್ಚಲಾರದೆ ಇಟ್ಟುಕೊಂಡಿದ್ದ ಗಂಟನ್ನು ಬಿಚ್ಚಿ, ತನ್ನದನ್ನು ಹಾಕಿ ಬಂದಿದ್ದ. ಹೆಣವನ್ನು ಎತ್ತಿ ಬೇರೆ ಕಡೆ ಇಟ್ಟವನ ಮಗ. ಸುಂಕಪ್ಪ ಲೆಕ್ಕ ಹಾಕಿದ. ಸುಮ್ಮನಿದ್ದರೆ ತಾನು ಪಾರು. ಗಂಟು ತನ್ನದೇ ಎಂದರೆ, ಇದನ್ನು ಬದಲಿಸಿದವರು ಯಾರು ಎಂಬುದು ಮುಂದಿನ ಪ್ರಶ್ನೆ.

"ಏನೋ ಹೇಳೋದೈತೆ ಅಂದ್ರಲ್ಲ?" ಸೌಭಾಗ್ಯ ಕೇಳಿದರು.

"ಅದು... ಆ ಹೆಂಗಸು ಸಿಕ್ಕಾಳ್ರಿ," ಎಂದ.

"ಒಳ್ಳೆಯದು. ನಾಳೆ ಹೇಳಿಕೆ ತಗೊಳೋಣ." ಅಷ್ಟರಲ್ಲಿ ಐಬಿಯ ಅಡುಗೆಯವ ಓಬಳೇಶಪ್ಪ ಟ್ರೇಯಲ್ಲಿ ಚಹಾ ತಂದ. ಸೌಭಾಗ್ಯ ಒಂದು ಲೋಟ ಎತ್ತಿಕೊಂಡು, ಹಳೆಯ ಗಂಟಿನ ಎಡಕ್ಕೆ ಬಿದ್ದ ತುದಿಯನ್ನು ಪೆನ್ನಿನಿಂದ ಮೆಲ್ಲಗೆ ಎತ್ತಿ ನೋಡಿದರು.

"ಇದನ್ನ ಹಾಕಿದೋನು ಎಡಗೈಯೋನು. ಅದೂ ಈ ಗಂಟು ಬಲ್ಲೋನು. ಅಂಥೋರು ನಿಮಗೆ ಯಾರಾದ್ರೂ ಗೊತ್ತೇನ್ರೀ ಸುಂಕಪ್ಪ?"

ಓಬಳೇಶಪ್ಪ ಟ್ರೇಯನ್ನು ಕ್ರಾಂತಿಯ ಮುಂದೆ ಹಿಡಿದ. ಹುಟ್ಟಿದಾಗಿನಿಂದ ಬಲಗೈಯಲ್ಲಿ ಒಂದು ಲೋಟವನ್ನೂ ಹಿಡಿಯದ ಮಗ, ಬಲಗೈ ಚಾಚಿ ಚಹಾ ಎತ್ತಿಕೊಂಡ. ಲೋಟ ವಾಲಿತು. ಚಹಾ ಅವನ ಅಂಗಿಯ ಮೇಲೆ ಚೆಲ್ಲಿತು.

ಸೌಭಾಗ್ಯ ಅದನ್ನು ನೋಡಲಿಲ್ಲ. ಅವರು ನೀರಿನ ಜಗ್ಗಿಗೆ ಒರಗಿಸಿಟ್ಟ ಫೋನನ್ನು ನೋಡುತ್ತಿದ್ದರು. ಬೆಳಗಿನ ವಿಡಿಯೊ ಅಲ್ಲಿ ಮತ್ತೆ ತೆರೆದು ನಿಂತಿತ್ತು, ಮೈಕು ಹಿಡಿದ ಎಡಗೈಯ ಮೇಲೆ.